ಅರೆಗಣ್ಣಿನ ಅಂಗಡಿ

ಗದಗ-ಬೆಟಗೇರಿ
ಫೆಬ್ರುವರಿ ಮೂವತ್ತು, ೨೧೬೮

ತಾಯಿ ದಾನೇಶ್ವರಿಯವರಿಗೆ,

ದಿನಾಂಕ ನೋಡಿ ನನ್ನ ಕೈ ತಪ್ಪಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ಬೇಸಿಗೆಯ ತಿಂಗಳುಗಳಿಂದ ದಿನ ಕಿತ್ತು ಚಳಿಯ ತಿಂಗಳಿಗೆ ಸೇರಿಸಿದರು. ಅದರಿಂದ ಬಿಸಿಲೇನೂ ಕಡಿಮೆಯಾಗಲಿಲ್ಲ, ಪಂಚಾಂಗ ಬರೆಯುವವರಿಗೆ ಸಮಾಧಾನವಾಯಿತು ಅಷ್ಟೆ. ನನ್ನ ಮಾತಿನಲ್ಲಿ ನಿಮಗೆ ಗುರುತು ಹತ್ತದ ಶಬ್ದಗಳು ಬಂದರೆ ಮನ್ನಿಸಬೇಕು. ಅವು ನಿಮ್ಮ ಕಾಲಕ್ಕೆ ಇನ್ನೂ ಹುಟ್ಟಿಲ್ಲ, ಬಂದ ಹಾಗೆ ವಿವರಿಸುತ್ತ ಹೋಗುತ್ತೇನೆ. ನಿಮ್ಮನ್ನು ಹೇಗೆ ಕರೆಯಬೇಕೆಂಬುದೂ ತಿಳಿಯಲಿಲ್ಲ. ನೀವು ನನ್ನ ಅಜ್ಜಿಯ ಅಜ್ಜಿಗೆ ಹೆತ್ತವ್ವ. ಆದರೆ ನಾನು ಬರೆಯುತ್ತಿರುವುದು ಮೂವತ್ತರ ಆಸುಪಾಸಿನ ನಿಮಗೆ, ನನಗೋ ಐವತ್ತು ದಾಟಿದೆ. ಹಾಗಾಗಿ ತಾಯಿ ಎಂದು ಕರೆದು ನೀವು ಎಂದೇ ಬರೆಯುತ್ತೇನೆ.

ನಿಮ್ಮ ಬಗ್ಗೆ ನಮ್ಮ ಮನೆಯಲ್ಲಿ ಉಳಿದಿರುವ ಕಥೆ ಒಂದೇ ಒಂದು. ಗದುಗಿನಲ್ಲಿ ಮದುವೆಗಳ ಫೋಟೋ ತೆಗೆಯುತ್ತಿದ್ದ ನೀವು ಇಡೀ ಒಂದು ಬೇಸಿಗೆ ಕ್ಯಾಮೆರಾ ಬದಲಿಸಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಂಡಿದ್ದಿರಂತೆ. ಕೈಯಲ್ಲಿದ್ದದ್ದು ಕ್ರಾಪ್ ಸೆನ್ಸರಿನದು, ಬೆಳಕು ಹಿಡಿಯುವ ಬಿಲ್ಲೆ ಸಣ್ಣದು. ಕಲ್ಯಾಣ ಮಂಟಪದ ಮಬ್ಬು ಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ರವೆ ಚೆಲ್ಲಿದ ಹಾಗೆ ಕಾಳು ಕಾಣುತ್ತಿತ್ತು. ಫುಲ್ ಫ್ರೇಮಿನ ದೊಡ್ಡ ಸೆನ್ಸರಿಗೆ ಆ ತೊಂದರೆ ಕಡಿಮೆ. ಆದರೆ ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹೆಬ್ಬಾತುಗಳು ಇಳಿದಾಗ ನಿಮ್ಮ ಸಣ್ಣ ಸೆನ್ಸರೇ ಅವನ್ನು ಹತ್ತಿರಕ್ಕೆ ಎಳೆದು ತರುತ್ತಿತ್ತು. ಅದೇ ಲೆನ್ಸನ್ನು ದೊಡ್ಡದಕ್ಕೆ ಹಾಕಿದರೆ ಹಕ್ಕಿ ಚಿತ್ರದ ಮೂಲೆಯ ಚುಕ್ಕೆಯಾಗುತ್ತಿತ್ತು. ಜೊತೆಗೆ ಲೆನ್ಸುಗಳನ್ನೂ ಹೊಸದಾಗಿ ತರಬೇಕು, ಕೊರಳಿಗೆ ಭಾರ ಬೇರೆ. ಇಷ್ಟೆಲ್ಲ ನಿಮಗೇ ಗೊತ್ತಿತ್ತು. ನಿಮ್ಮನ್ನು ಚುಚ್ಚುತ್ತಿದ್ದದ್ದು ಬೇರೆಯೇ ಮಾತು. ಫುಲ್ ಫ್ರೇಮ್ ಇಲ್ಲದವರು ಫೋಟೋಗ್ರಾಫರೇ ಅಲ್ಲ ಎಂದು ಮದುವೆ ಮನೆಯಲ್ಲಿ ಯಾರೋ ನಕ್ಕಿದ್ದರಂತೆ.

ಕೊನೆಗೆ ನೀವೇನು ಮಾಡಿದಿರಿ ಎಂಬುದರಲ್ಲಿ ನಮ್ಮವರಿಗೆ ಒಮ್ಮತವಿಲ್ಲ. ಕೊಂಡಿರಿ ಎಂದು ನನ್ನ ಅವ್ವ, ಕೊಳ್ಳಲಿಲ್ಲ ಎಂದು ಚಿಗವ್ವ. ಹಳೆಯದನ್ನು ಮಾರಲಿಲ್ಲ ಎನ್ನುವುದಂತೂ ಖರೆ, ಯಾಕೆಂದರೆ ಅದು ನನ್ನ ಮೇಜಿನ ಮೇಲಿದೆ. ಒಳಗಿನ ಸೆನ್ಸರನ್ನು ತಲೆಮಾರಿಗೊಮ್ಮೆ ಯಾರಾದರೂ ಬದಲಿಸಿದ್ದಾರೆ, ಗುಂಡಿಗಳನ್ನು ಬದಲಿಸಿದ್ದಾರೆ. ಒಡಲು ಮಾತ್ರ ನಿಮ್ಮದೇ. ಬಲಗೈ ಹಿಡಿಯುವ ಕಡೆ ರಬ್ಬರು ಸವೆದು ನಮ್ಮೆಲ್ಲರ ಹೆಬ್ಬೆರಳಿಗೆ ಒಂದೇ ಕುಳಿಯಾಗಿದೆ.

ನಮ್ಮ ಊರನ್ನು ನೀವು ಗುರುತಿಸುವುದು ಕಷ್ಟ. ಕಪ್ಪತಗುಡ್ಡದ ಮೇಲೆ ನಿಮ್ಮ ಕಾಲದ ಗಾಳಿಕಂಬಗಳ ಬುಡಗಳಷ್ಟೇ ನಿಂತಿವೆ, ಅವುಗಳ ನೆರಳಲ್ಲಿ ಕುರಿ ಮಲಗುತ್ತವೆ. ವರ್ಷದ ಬಹುಪಾಲು ನಮಗೆ ಮುಚ್ಚುಹಗಲು. ಹಾಗೆಂದರೆ ಹೊತ್ತು ಏರಿದ ಮೇಲೆ ಇಳಿಯುವವರೆಗೆ ಯಾರೂ ಬೀದಿಗೆ ಬರಬಾರದೆಂಬ ಕಟ್ಟಳೆ. ಕಾಯಿಪಲ್ಯೆ ಸಂತೆ ಕೋಳಿ ಕೂಗುವಾಗ ನೆರೆದು ಬಿಸಿಲು ಚುರುಕಾಗುವ ಮೊದಲು ಎದ್ದುಹೋಗುತ್ತದೆ. ಮದುವೆಗಳ ಮುಹೂರ್ತವೆಲ್ಲ ನಸುಕಿನಲ್ಲಿ. ರೊಟ್ಟಿ ಇನ್ನೂ ಇದೆ, ಜೋಳ ಮಾತ್ರ ಗಿಡ್ಡ ತಳಿಯದು, ಬಣ್ಣ ಹೊಗೆಯ ಹಾಗೆ. ಬೆಟಗೇರಿಯಲ್ಲಿ ಮಗ್ಗದ ಸಪ್ಪಳ ನಿಂತಿಲ್ಲ. ಈಗ ಸೀರೆಗಿಂತ ಹೆಚ್ಚಾಗಿ ಅಂಗಳಕ್ಕೆ ಕಟ್ಟುವ ನೆರಳುಬಟ್ಟೆ ನೇಯುತ್ತಾರೆ. ನನ್ನ ಅಂಗಡಿ ಅಂಥ ಮಗ್ಗದ ಓಣಿಯ ತುದಿಯಲ್ಲಿದೆ.

ನಿಮ್ಮ ಕಾಲದಲ್ಲಿ ಫುಲ್ ಎಂದರೆ ಸೆನ್ಸರಿನ ಅಳತೆ. ಅದರಲ್ಲಿ ಯಾವ ತಪ್ಪೂ ಇರಲಿಲ್ಲ. ಆದರೆ ತುಂಬ ಕಾಣಬೇಕು, ಇನ್ನೂ ತುಂಬ ಕಾಣಬೇಕು ಎನ್ನುವ ಆಸೆ ಅಲ್ಲಿಗೆ ನಿಲ್ಲಲಿಲ್ಲ. ನಮ್ಮಲ್ಲಿ ಈಗ ತುಂಬುಗಣ್ಣು ಎಂಬ ಯಂತ್ರ ಬಂದಿದೆ. ಒಮ್ಮೆ ಒತ್ತಿದರೆ ಎದುರಿನದು, ಎಡಬಲದ್ದು, ತೆಗೆಯುವವರ ಬೆನ್ನ ಹಿಂದಿನದು, ಕತ್ತಲಲ್ಲಿ ಕೂತದ್ದು, ಎಲ್ಲ ಬರುತ್ತದೆ. ತೆಗೆದ ಕೂಡಲೇ ಇಡೀ ಚಿತ್ರ ಹಗೇವಿಗೆ ಹೋಗುತ್ತದೆ. ನಿಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರಲ್ಲ, ನಾಡಿನ ಚಿತ್ರಗಳನ್ನೆಲ್ಲ ಸರಕಾರ ಕೂಡಿಡುವ ಜಾಗಕ್ಕೆ ಆ ಹೆಸರನ್ನೇ ಇಟ್ಟಿದ್ದಾರೆ. ಆಮೇಲೆ ಬೇಡದ್ದನ್ನು ಕತ್ತರಿಸಬಹುದಲ್ಲ ಎಂದು ನೀವು ಕೇಳುತ್ತೀರಿ. ಕತ್ತರಿಸಿದ್ದು ನನ್ನ ಕೈಯಲ್ಲಿ ಉಳಿಯುತ್ತದೆ, ಇಡೀ ಚಿತ್ರ ಹಗೇವಿನಲ್ಲಿ ಉಳಿಯುತ್ತದೆ. ಮನೆಯವರ ಮುಖ ಎಲ್ಲೆಲ್ಲಿ ಕಂಡಿದೆಯೋ ಆ ಚಿತ್ರಗಳನ್ನೆಲ್ಲ ಹಗೇವಿನಿಂದ ತೆಗೆಸಿಕೊಳ್ಳುವ ಅಧಿಕಾರ ರಕ್ತಸಂಬಂಧಿಗಳಿಗಿದೆ. ಇದಕ್ಕೆ ನೆತ್ತರಹಕ್ಕು ಎನ್ನುತ್ತಾರೆ. ಕಳೆದುಹೋದ ಮಕ್ಕಳನ್ನು ಹುಡುಕಲು ಮಾಡಿದ ಕಾನೂನು ಅದು, ಎಷ್ಟೋ ಮಕ್ಕಳು ಸಿಕ್ಕಿದ್ದೂ ಹೌದು. ನಿಮ್ಮದರಂಥ ಹಳೆಯ ಯಂತ್ರಗಳು ಹಗೇವಿಗೆ ಏನನ್ನೂ ಕಳಿಸುವುದಿಲ್ಲ. ಅವುಗಳಿಗೆ ಅರೆಗಣ್ಣು ಎಂದು ಹೆಸರಿಟ್ಟು ನಗುತ್ತಾರೆ. ಈ ವರ್ಷ ಮುಗಿದ ಮೇಲೆ ಅವುಗಳ ಚಿತ್ರವನ್ನು ಯಾವ ಕಚೇರಿಯೂ ಸ್ವೀಕರಿಸುವುದಿಲ್ಲ.

ನಮ್ಮ ಚಿತ್ರಗಾರರ ಸಂಘದ ಅಧ್ಯಕ್ಷ ಗುರುಸಿದ್ದ ನನ್ನ ಅವ್ವನ ಕೈಕೆಳಗೆ ನನ್ನ ಜೊತೆಗೇ ಕೆಲಸ ಕಲಿತವನು, ನನಗೆ ತಮ್ಮನಿದ್ದ ಹಾಗೆ. ಸಂಕ್ರಾಂತಿಯ ಮರುದಿನ ತನ್ನ ತುಂಬುಗಣ್ಣನ್ನು ತಂದು ನನ್ನ ಮೇಜಿನ ಮೇಲಿಟ್ಟ.

"ಅಕ್ಕಾ, ಎಷ್ಟ್ ದಿನಾ ಈ ಅರೆಗಣ್ಣ ಹಿಡ್ಕೊಂಡ್ ಕುಂದ್ರತಿ? ಒಮ್ಮೆ ಇದನ್ನ ಹಿಡದು ನೋಡು. ಆಮ್ಯಾಲ ಬ್ಯಾಡ ಅನ್ನು."

ಹಿಡಿದು ನೋಡಿದೆ. ಒಳಮನೆಯ ಕತ್ತಲಲ್ಲಿ ಅವ್ವ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅವಳ ಕಣ್ಣಿನ ಕೆಳಗಿನ ಗೆರೆಗಳು, ಉಗುರಿನ ಹಸಿರು, ಅವಳ ಹಿಂದಿನ ಗೋಡೆಯ ಸುಣ್ಣದ ಬಿರುಕು, ಎಲ್ಲವೂ ಕಾಳಿಲ್ಲದೆ ನಿಚ್ಚಳವಾಗಿ ಬಂದವು. ಯಂತ್ರದ ಹಿಂದೆ ನಿಂತ ನಾನೂ ಬಂದಿದ್ದೆ. ಅವ್ವನನ್ನು ನೋಡುವಾಗ ನನ್ನ ಮುಖ ಅಷ್ಟು ಮೆತ್ತಗಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಸುಳ್ಳು ಏಕೆ ಹೇಳಲಿ, ಆ ಯಂತ್ರದ ಮೇಲೆ ಮನಸ್ಸಾಯಿತು.

"ಚಂದ ಐತಿ," ಎಂದೆ. "ನನ್ನ ಹೆಸರಿಗೂ ಒಂದು ಬರಿಸು."

ಗುರುಸಿದ್ದ ಹಿಗ್ಗಿ ಹೋದ. ಯಂತ್ರ ಬರಲು ಒಂದು ತಿಂಗಳು ಬೇಕಿತ್ತು.

ಆ ನಡುವೆ ಒಂದು ನಸುಕಿನಲ್ಲಿ ಮೂವರು ಬಂದರು. ಒಬ್ಬ ಹುಡುಗ, ಒಬ್ಬ ಹುಡುಗಿ, ಅವರ ಹಿಂದೆ ಸೆರಗನ್ನು ಬಿಗಿಯಾಗಿ ಹೊದ್ದ ಒಬ್ಬ ಹಿರಿಯ ಹೆಂಗಸು. ಹುಡುಗಿಯನ್ನು ಚಂಪಾ ಎಂದೂ ಹುಡುಗನನ್ನು ಯಮನೂರ ಎಂದೂ ಕರೆಯುತ್ತೇನೆ, ಅವರ ನಿಜವಾದ ಹೆಸರು ಅವಲ್ಲ. ಹಿರಿಯಳಿಗೆ ಸುಳ್ಳು ಹೆಸರನ್ನೂ ಕೊಡುವುದಿಲ್ಲ.

"ಅಕ್ಕಾರ, ನೀವು ಹಳೇ ಮಿಷನ್ನಿನ್ಯಾಗ ತಗೀತೀರಂತ ಹೇಳಿದ್ರು. ಖರೇನ್ರಿ?" ಎಂದು ಚಂಪಾ ಕೇಳಿದಳು.

"ಖರೆ. ಜೋಡಿಚಿತ್ರ ಬೇಕೇನು?" ಎಂದೆ. ಗಂಡ ಹೆಂಡತಿ ಜೊತೆಗೆ ಕೂತ ಚಿತ್ರವಿಲ್ಲದೆ ನಮ್ಮಲ್ಲಿ ಮದುವೆ ನೋಂದಣಿಯಾಗುವುದಿಲ್ಲ. "ಮದುವಿ ಚಿತ್ರ ಅಲ್ಲವಾ, ಹೊಸಾದ್ರಾಗ ತಗಸಿದ್ರ ಚಂದ ಬರ್ತಿತ್ತಲ್ಲ?"

ಹಿರಿಯ ಹೆಂಗಸು ಮುಂದೆ ಬಂದಳು.

"ಹೊಸಾದ್ರಾಗ ತಗದ್ರ ಹಿಂದ ನಿಂತ ನಾನೂ ಬರ್ತೀನಿ, ನಾಳೆ ಈಕಿ ಕಾಕಾಗೊಳು ಇವ್ರನ್ನ ಇಟ್ಕೊಂಡ ನನ್ನ ಬಾಗಲದಾಗ ನಿಂತಿರ್ತಾರವಾ. ಈಕಿ ಅಕ್ಕನೂ ಹಿಂಗ ಮನಸಿಗೆ ಬಂದಾಂವನ್ನ ಮಾಡ್ಕೊಂಡಿದ್ಲು. ಮದುವಿ ಚಿತ್ರ ಹಿಡದು ಮನಿ ಹುಡುಕಿ, ಎಳಕೊಂಡು ಹೋದ್ರು."

"ಆಮ್ಯಾಲ?"

"ಆಮ್ಯಾಲ ಆಕಿ ಮಾರಿ ಯಾವ ಚಿತ್ರದಾಗೂ ಬಂದಿಲ್ಲ."

ಹೊರಗೆ ಮಗ್ಗ ಸಪ್ಪಳ ಮಾಡುತ್ತಿತ್ತು. ಇಂಥವೆಲ್ಲ ನಮ್ಮ ಕಾಲಕ್ಕೆ ಮುಗಿದಿರುತ್ತವೆ ಎಂದು ನೀವು ನಂಬಿರಬಹುದು, ತಾಯಿ. ಮುಗಿದಿಲ್ಲ. ಹುಡುಕುವವರ ಕೈಗೆ ಒಳ್ಳೆಯ ಕಣ್ಣು ಬಂದಿದೆ, ಅಷ್ಟೇ ವ್ಯತ್ಯಾಸ.

ನಾನು ಇಬ್ಬರನ್ನೂ ಬಾಕಿನ ಮೇಲೆ ಕೂರಿಸಿದೆ. ಇಷ್ಟು ವರ್ಷ ಯಾರನ್ನೂ ಕೇಳದಿದ್ದ ಮಾತೊಂದನ್ನು ಅವತ್ತು ಕೇಳಿದೆ.

"ಎಷ್ಟು ಕಾಣಬೇಕು?"

ಯಮನೂರ ಚಂಪಾಳನ್ನು ನೋಡಿದ. "ನಮ್ಮಿಬ್ರ ಮಾರಿ ಅಷ್ಟ ಸಾಕ್ರಿ," ಎಂದಳು ಅವಳು.

ಹಿರಿಯಳು ನನ್ನ ಬೆನ್ನ ಹಿಂದೆ ನಿಂತು ಅವರನ್ನು ನಗಿಸಲು ನೋಡಿದಳು. ಚಂಪಾ ನಗಲಿಲ್ಲ, ಆದರೆ ಗಲ್ಲ ಎತ್ತಿದಳು. ಆಗ ಒತ್ತಿದೆ. ಎರಡು ಮುಖ, ಅವುಗಳ ಹಿಂದೆ ಅಂಗೈಯಗಲದ ನೀಲಿ ಗೋಡೆ. ಮಬ್ಬು ಬೆಳಕಿಗೆ ಕೆನ್ನೆಯ ಮೇಲೆಲ್ಲ ಕಾಳು ಬಂದಿತ್ತು. ಎರಡು ಪ್ರತಿ ಅಚ್ಚು ಹಾಕಿ ಕೊಟ್ಟೆ. ಮುಚ್ಚುಹಗಲು ಶುರುವಾಗುವ ಮೊದಲೇ ಅವರು ಓಣಿ ದಾಟಿದರು.

ವಾರ ಕಳೆದಿರಲಿಲ್ಲ, ಚಂಪಾಳ ಕಾಕಂದಿರು ಇಬ್ಬರು ಗುರುಸಿದ್ದನನ್ನು ಮುಂದಿಟ್ಟುಕೊಂಡು ಬಂದರು. ಚಂಪಾ ಬಂದ ನಸುಕಿನಲ್ಲೇ ಪಕ್ಕದ ಓಣಿಯಲ್ಲಿ ಯಾರದೋ ಮಗುವಿನ ತೊಟ್ಟಿಲು ಕಾರ್ಯವಿತ್ತು. ಹಗೇವಿನಿಂದ ತೆಗೆಸಿದ ಅದರ ಚಿತ್ರದ ಅಂಚಿನಲ್ಲಿ, ತೊಟ್ಟಿಲಿಗೂ ಜನಕ್ಕೂ ದೂರದಲ್ಲಿ, ನನ್ನ ಅಂಗಡಿಯ ಕಡೆ ತಿರುಗುತ್ತಿದ್ದ ಚಂಪಾ ಸಿಕ್ಕಿದ್ದಳು. ಜೊತೆಗಿದ್ದ ಇಬ್ಬರು ಆಗಲೇ ಓಣಿಯ ತಿರುವು ದಾಟಿದ್ದರು. ಮಗುವಿನ ಮನೆಯವರಿಗೆ ತಮ್ಮ ಚಿತ್ರದಲ್ಲಿ ಅವಳು ಬಂದಿರುವುದು ಗೊತ್ತೇ ಇಲ್ಲ. ಮುಂದಿನ ಜಾಡು ನನ್ನ ಬಾಗಿಲಲ್ಲಿ ಕಡಿದಿತ್ತು.

ದೊಡ್ಡ ಕಾಕಾ ನಿಂತೇ ಮಾತಾಡಿದ. "ನಮ್ಮ ಹುಡುಗಿ ಚಿತ್ರ ತಗದೀರಿ. ತೋರಿಸ್ರಿ."

"ತೋರ್ಸೂದಿಲ್ಲ," ಎಂದೆ.

ಗುರುಸಿದ್ದ ತಗ್ಗಿದ ದನಿಯಲ್ಲಿ ಹೇಳಿದ: "ಅಕ್ಕಾ, ನೆತ್ತರಹಕ್ಕು ಐತಿ ಅವ್ರಿಗೆ. ಸಂಘದ ಪರವಾಗಿ ನಾನರ ನೋಡಬೇಕಾಗ್ತೈತಿ." ಅವನೇ ಯಂತ್ರ ಎತ್ತಿಕೊಂಡು ಹುಡುಕಿ ಚಿತ್ರ ತೆರೆದ. ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಏನಾಯಿತೆಂದು ನನಗೆ ಕಾಣಲಿಲ್ಲ. ಆಮೇಲೆ ಅವರಿಗೂ ತೋರಿಸಿದ. "ಇಬ್ರ ಮಾರಿ ಐತಿ, ಗ್ವಾಡಿ ಐತಿ. ಮತ್ತೇನೂ ಇಲ್ಲ," ಎಂದ.

"ಕರ್ಕೊಂಡ್ ಬಂದವ್ರು ಯಾರು?" ಸಣ್ಣ ಕಾಕಾ ನನ್ನನ್ನು ಕೇಳಿದ. "ಯಾರ ಮನ್ಯಾಗ ಅದಾರ? ನಿಮಗ ಗೊತ್ತಿರಬೇಕಲ್ಲ."

"ಗೊತ್ತೈತಿ. ಹೇಳೂದಿಲ್ಲ."

ದೊಡ್ಡವನು ಮೇಜಿನ ಮೇಲೆ ಕೈಯೂರಿ ಬಾಗಿದ. "ನಿಮ್ಮ ಅಂಗಡಿ ಉಳಿಯೂದಿಲ್ಲ, ಬಾಯಾರ."

"ಆಕಿ ಅಕ್ಕ ಎಲ್ಲದಾಳ?" ಎಂದು ನಾನು ಕೇಳಿದೆ. "ಆಕಿ ಚಿತ್ರ ಒಂದು ತೋರಿಸ್ರಿ ಮೊದಲ."

ಅವನು ಕೈ ತೆಗೆದ. ಇಬ್ಬರೂ ಹೊರಗೆ ಹೋದರು. ಗುರುಸಿದ್ದ ಹೊಸ್ತಿಲಲ್ಲಿ ನಿಂತುಕೊಂಡ. ತೊಟ್ಟಿಲು ಕಾರ್ಯದ ಆ ಚಿತ್ರ ತೆಗೆದವನು ಅವನೇ ಎಂದು ಆಗ ಹೇಳಿದ. ಹೇಳುವಾಗ ನನ್ನ ಕಡೆ ನೋಡಲಿಲ್ಲ.

"ನನ್ನ ಹೆಸರಿಗೆ ಬರಿಸಿದ ತುಂಬುಗಣ್ಣು ಬ್ಯಾಡ, ತಗದು ಬಿಡು," ಎಂದೆ.

"ಹೊಟ್ಟಿಗೆ ಏನ್ ಮಾಡ್ತಿ, ಅಕ್ಕಾ? ಸಂಘ ನಿನ್ನ ಬೋರ್ಡು ಇಳಸ್ತೈತಿ. ಸಹಿ ನಾನ ಮಾಡಬೇಕು."

"ಮಾಡು. ನೀ ಮಾಡಲಿಲ್ಲಂದ್ರ ಇನ್ನೊಬ್ರು ಮಾಡ್ತಾರ. ನಾನಂತೂ ಅದನ್ನ ಹಿಡಿಯೂದಿಲ್ಲ."

ಅವನು ಸಹಿ ಮಾಡಿದ. ಬೋರ್ಡು ಇಳಿಯಿತು. ಮದುವೆ ಕೆಲಸಗಳು ಒಂದೊಂದಾಗಿ ಬಿಟ್ಟುಹೋದವು. ಹಬ್ಬಕ್ಕೆ ಕರೆಯುತ್ತಿದ್ದ ಮನೆಗಳವರು ಈಗ ಸಂತೆಯಲ್ಲಿ ಸಿಕ್ಕರೆ ಸೊಪ್ಪು ಆರಿಸುವುದರಲ್ಲಿ ಮುಳುಗಿಬಿಡುತ್ತಾರೆ. ಅವ್ವ ಮಾತ್ರ ಬೋರ್ಡಿನ ಮೊಳೆಗಳನ್ನು ಕಿತ್ತು ಅವುಗಳಿಂದಲೇ ಬಾಗಿಲಿಗೆ ನೆರಳುಬಟ್ಟೆ ಹೊಡೆದಳು. ಚಂಪಾ ಮತ್ತು ಯಮನೂರ ಎಲ್ಲಿದ್ದಾರೋ ನನಗೆ ತಿಳಿಯದು. ಅವರ ಮದುವೆ ಬೇರೆ ಜಿಲ್ಲೆಯ ಕಚೇರಿಯಲ್ಲಿ ನೋಂದಣಿಯಾಯಿತೆಂದು ಹಿರಿಯಳು ಸಂತೆಯಲ್ಲಿ ನನ್ನ ಪಕ್ಕದಲ್ಲೇ ಮೆಣಸಿನಕಾಯಿ ಕೊಳ್ಳುತ್ತ, ನನ್ನತ್ತ ತಿರುಗದೆ, ಹೇಳಿ ಹೋದಳು. ಅವಳ ಬಾಗಿಲಿಗೆ ಇಲ್ಲಿಯವರೆಗೆ ಯಾರೂ ಬಂದಿಲ್ಲ.

ಆ ಮೇಲೆ ಬೇರೆ ಜನ ಬರತೊಡಗಿದರು. ಗಂಡನ ಮನೆ ಬಿಟ್ಟು ಬಂದು ಕೆಲಸಕ್ಕೆ ಅರ್ಜಿ ಹಾಕುವ ಹೆಂಗಸು. ತಾನು ಹುಟ್ಟಿದ ಊರನ್ನು ಯಾರಿಗೂ ತೋರಿಸಬಯಸದ ಒಬ್ಬ ಮುದುಕ. ಬಡಿದ ಗುರುತನ್ನು ಮುಂಗೈ ಮೇಲೆ ಹೊತ್ತವಳೊಬ್ಬಳು ಮುಖ ಮಾತ್ರ ತೆಗೆಯಿರಿ ಎಂದಳು. ಇನ್ನೊಬ್ಬಳು ಮುಂಗೈ ಮಾತ್ರ ತೆಗೆಯಿರಿ, ಅದು ನನಗೆ ಸಾಕ್ಷಿಗೆ ಬೇಕು ಎಂದಳು. ಎಲ್ಲರನ್ನೂ ಅದೇ ಮಾತು ಕೇಳುತ್ತೇನೆ, ಎಷ್ಟು ಕಾಣಬೇಕು ಎಂದು. ಕೆಲವರು ಉತ್ತರಿಸುವ ಮೊದಲು ಅಳುತ್ತಾರೆ. ಹಾಗೆ ಅವರನ್ನು ಯಾರೂ ಕೇಳಿಲ್ಲ.

ತಾಯಿ, ಕ್ರಾಪ್ ಸೆನ್ಸರೇ ಇರಲಿ ಎಂದು ನಿಮಗೆ ಹೇಳಲು ನಾನು ಕೂತಿಲ್ಲ. ಮಂಟಪದ ಬೆಳಕು ಸಾಲದೆ ಮದುಮಗಳ ಕಣ್ಣು ಸರಿಯಾಗಿ ಬಾರದಿದ್ದರೆ ದೊಡ್ಡದನ್ನೇ ಕೊಳ್ಳಿ, ಸಂತೋಷದಿಂದ ಕೊಳ್ಳಿ. ಕೆರೆಯ ಹಕ್ಕಿ ಬೇಕೆಂದರೆ ಇದನ್ನೇ ಇಟ್ಟುಕೊಳ್ಳಿ. ಕೆಲಸ ಏನು ಬೇಡುತ್ತದೋ ಅದನ್ನು ಕೊಡಿ. ಆದರೆ ನಿಮ್ಮ ಕೈಯಲ್ಲಿರುವುದು ಅರ್ಧ ಎಂದು ನಕ್ಕವನ ಬಾಯಿ ಮುಚ್ಚಿಸಲು ಮಾತ್ರ ಕೊಳ್ಳಬೇಡಿ. ಆ ಬಾಯಿ ಮುಚ್ಚುವುದಿಲ್ಲ. ನೀವು ಫುಲ್ ಕೊಂಡ ದಿನ ಅದು ಇನ್ನೊಂದು ಫುಲ್ ತೋರಿಸುತ್ತದೆ. ನಿಮ್ಮಿಂದ ನನ್ನವರೆಗೆ ಅದು ತೋರಿಸುತ್ತಲೇ ಬಂದು, ಕೊನೆಗೆ ಒಬ್ಬ ಹುಡುಗಿಗೆ ಅಡಗಲು ಅಂಗೈಯಗಲ ಗೋಡೆಯನ್ನೂ ಉಳಿಸಲಿಲ್ಲ. ಚೌಕಟ್ಟಿನ ಹೊರಗೆ ಏನನ್ನು ಬಿಡಬೇಕೆಂಬುದೂ ನಮ್ಮ ಕೈಯ ಕೆಲಸವೇ. ಆ ಕೆಲಸವನ್ನು ಯಂತ್ರ ಮಾರುವವರಿಗೆ ಬಿಟ್ಟುಕೊಡಬೇಡಿ. ನಿಮ್ಮ ಮಗಳಿಗೆ ಫೋಕಸ್ ಹಿಡಿಯುವುದನ್ನು ಕಲಿಸುವ ಮೊದಲು, ಎದುರಿಗೆ ಕೂತವರನ್ನು ಕೇಳುವುದನ್ನು ಕಲಿಸಿ. ನಾನು ಅದನ್ನು ತಡವಾಗಿ ಕಲಿತೆ.

ನಾಳೆ ಬೆಳಗ್ಗೆ ಸಂಘದವರು ಪೊಲೀಸರೊಂದಿಗೆ ಬಂದು ಅರೆಗಣ್ಣುಗಳನ್ನೆಲ್ಲ ಒಯ್ಯುತ್ತಾರಂತೆ. ವರ್ಷ ಮುಗಿಯುವವರೆಗೂ ಕಾಯುವ ಮನಸ್ಸಿಲ್ಲ ಅವರಿಗೆ. ಬರಲಿ. ಅವರಿಗಿಂತ ಮೊದಲು ಬರಬೇಕಾದವರು ಇಬ್ಬರಿದ್ದಾರೆ, ಮಾತು ಕೊಟ್ಟಿದ್ದೇನೆ. ಅವರ ಚಿತ್ರ ತೆಗೆದು ಮುಗಿಯುವವರೆಗೆ ಪೊಲೀಸರು ಹೊರಗೆ ಬಿಸಿಲಲ್ಲಿ ನಿಂತಿರಬೇಕಾಗುತ್ತದೆ.

ನಿಮ್ಮ ಹೆಬ್ಬೆರಳಿಗೆ ನನ್ನ ನಮಸ್ಕಾರ.

ನಿಮ್ಮವಳೇ,
ನೀಲಗಂಗಾ