ತಿಳಿ ಎಂದು ಬರೆದ ಮುಂಜಾನೆ

ಕುಸುಬಿ ಓಣಿ, ಹೊಸತೊರೆ ಪಟ್ಟಣ
ಫೆಬ್ರವರಿ ೩೦, ೨೨೧೪

ನಮಗಿಂತ ಮೊದಲು ಈ ನೆಲದ ಮೇಲೆ ಬಾಳಿದ ಹಿರಿಯರಿಗೆ,

ಮುಕ್ತಾಬಾಯಿ ಕಲಕೇರಿಯ ನಮಸ್ಕಾರಗಳು. ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ತಿಂಗಳುಗಳನ್ನು ನಮ್ಮವರು ಬೇರೆ ರೀತಿಯಲ್ಲಿ ಹಂಚಿಕೊಂಡು ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳೂ ನಿಮ್ಮ ಕಿವಿಗೆ ವಿಚಿತ್ರವಾಗಿ ಬೀಳಬಹುದು, ಅದಕ್ಕೆ ಕ್ಷಮೆಯಿರಲಿ. ಅಲ್ಲಲ್ಲಿ ಅರ್ಥ ಬಿಡಿಸಿ ಹೇಳುತ್ತ ಹೋಗುತ್ತೇನೆ.

ನಿಮ್ಮ ಕಾಲದಲ್ಲಿ ಕೆಲವು ಊರುಗಳಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿತ್ತೆಂದೂ ಜನ ಕೊಡಗಳನ್ನು ಸಾಲಾಗಿಟ್ಟು ಕಾಯುತ್ತಿದ್ದರೆಂದೂ ಓದಿದ್ದೇನೆ. ನಮ್ಮಲ್ಲಿ ದಿನಕ್ಕೆರಡು ಸಲ ಬರುತ್ತದೆ. ಅದು ಬರುವುದನ್ನು ನಾವು ಕಣ್ಣಾರೆ ನೋಡುತ್ತೇವೆ. ಗಾಜಿನಂಥ ಕೊಳವೆಗಳು ಆಳೆತ್ತರದಲ್ಲಿ ಮನೆಗಳ ಮುಂದೆ ಹಾದುಹೋಗುತ್ತವೆ. ಅವಕ್ಕೆ ತಿಳಿಗೊಳವೆ ಎನ್ನುತ್ತೇವೆ. ಸೂರ್ಯ ಏಳುವ ಹೊತ್ತಿಗೆ ಬೆಳಕು ಆ ನೀರಿನೊಳಗೆ ಸೇರಿ ಓಣಿಯುದ್ದಕ್ಕೂ ಹರಿಯುತ್ತದೆ. ಗೋಡೆಗಳ ಮೇಲೆ, ಒಣಹಾಕಿದ ಸೀರೆಗಳ ಮೇಲೆ, ಕಟ್ಟೆಯಲ್ಲಿ ಮಲಗಿದ ಬೆಕ್ಕಿನ ಬೆನ್ನಿನ ಮೇಲೆ ಅದರ ನೆರಳು ಅಲುಗುತ್ತದೆ. ಹೊರಗಿನಿಂದ ಬಂದವರು ಕೆರೆಯ ತಳದಲ್ಲಿ ನಿಂತವರಂತೆ ಅರೆಗಳಿಗೆ ಉಸಿರು ಬಿಗಿಹಿಡಿಯುತ್ತಾರೆ. ಕೊಳವೆಗಳಿಗೆ ಒಂದು ಸಣ್ಣ ಗುಂಯ್‌ಗುಡುವಿಕೆಯೂ ಇದೆ. ನಮ್ಮ ಓಣಿಯದು ತುಸು ತಗ್ಗಿನ ಸ್ವರ. ನಿದ್ದೆಗಣ್ಣಿನಲ್ಲೂ ಅದು ಕೇಳಿದರೆ ನೀರು ಬಂತೆಂದು ಗೊತ್ತಾಗುತ್ತದೆ.

ನಾನು ಈ ಓಣಿಯ ರುಚಿಗಾರ್ತಿ. ನೀರನ್ನು ಅಳೆಯುವ ಯಂತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೂ ದಿನದ ಮೊದಲ ಬಟ್ಟಲನ್ನು ಒಬ್ಬ ಮನುಷ್ಯ ಕುಡಿದು, ಹಲಗೆಯಲ್ಲಿ ಆ ದಿನದ ತಾರೀಖಿನ ಮುಂದೆ ‘ತಿಳಿ’ ಎಂದು ಬರೆದ ಮೇಲೆಯೇ ಮನೆಗಳವರು ಕೊಡ ಹಿಡಿಯುತ್ತಾರೆ. ನಲ್ಲಿಹೆಸರಿನ ಪುಸ್ತಕವೂ ನನ್ನ ಬಳಿಯೇ ಇರುತ್ತದೆ. ಯಾರಾದರೂ ಮನೆ ಬಿಟ್ಟು ಹೋದರೆ ಅವರ ಹೆಸರಿನ ನಲ್ಲಿಯನ್ನು ಮುಚ್ಚಿಸಿ, ಹೊಸಬರು ಬಂದಾಗ ಅವರ ಹೆಸರಿನಲ್ಲಿ ತೆರೆಸುವುದು ನನ್ನ ಕೆಲಸ. ಮನೆಯಲ್ಲಿ ಎಷ್ಟು ಜನ, ಕಾಯಿಲೆಯವರಿದ್ದಾರೆಯೇ, ಎಳೆಗೂಸಿದೆಯೇ ಎಂದೆಲ್ಲ ಕೇಳಿ ಬರೆದುಕೊಳ್ಳುತ್ತೇನೆ.

ಹೋದ ವರ್ಷ ಕಾರ್ತಿಕದಲ್ಲಿ ನಿಂಬೆವ್ವ ಎಂಬ ಬಾಣಂತಿ ಇಪ್ಪತ್ತು ದಿನದ ಮಗಳೊಂದಿಗೆ ಓಣಿಯ ಕೊನೆಯ ಮನೆಗೆ ಬಂದಳು. ಅವಳ ನಲ್ಲಿ ತೆರೆಯುವ ದಿನವೇ ಮೊದಲ ಬಟ್ಟಲು ನನ್ನ ಬಾಯಲ್ಲಿ ಒಂದು ಕ್ಷಣ ನಿಂತಿತು. ಹಳಸಿದ್ದಲ್ಲ, ಕಹಿಯೂ ಅಲ್ಲ. ಬಹಳ ದಿನ ಮುಚ್ಚಿಟ್ಟ ಕೋಣೆಯ ಬಾಗಿಲು ತೆರೆದಾಗ ಬರುವ ವಾಸನೆಯಂಥದ್ದೇನೋ ನೀರಿನ ತುದಿಯಲ್ಲಿತ್ತು. ಯಂತ್ರದ ದೀಪ ಹಸಿರಾಗಿಯೇ ಉರಿಯುತ್ತಿತ್ತು.

ಅದಕ್ಕೂ ಎರಡು ತಿಂಗಳ ಮೊದಲು ಇಂಥದೇ ಅನುಮಾನದಿಂದ ಇಡೀ ದಿನ ನೀರು ನಿಲ್ಲಿಸಿದ್ದೆ. ಆಮೇಲೆ ನೋಡಿದರೆ ಕೆಟ್ಟಿದ್ದು ಜ್ವರ ಬರಲಿದ್ದ ನನ್ನ ನಾಲಿಗೆ. ಓಣಿಯವರು ಎದುರಿಗೆ ಏನೂ ಅನ್ನಲಿಲ್ಲ, ಹಿಂದಿನಿಂದ ನಕ್ಕರು. ಆ ನಗು ನನ್ನೊಳಗೆ ಇನ್ನೂ ಇತ್ತು. ನಾನು ‘ತಿಳಿ’ ಎಂದು ಬರೆದೆ. ನಿಂಬೆವ್ವನ ನಲ್ಲಿಗೆ ಹೂವೇರಿಸಿ, ಅವಳು ಕೊಟ್ಟ ಸಕ್ಕರೆ ತಿಂದು ಮನೆಗೆ ಬಂದೆ.

ಬಂದೆನೇ ಹೊರತು ಕೂರಲಾಗಲಿಲ್ಲ. ರೊಟ್ಟಿ ತಟ್ಟಲು ಹೋದರೆ ಕೈ ನಡೆಯಲಿಲ್ಲ. ಬಿಸಿಲೇರುವಷ್ಟರಲ್ಲಿ ಒಂದು ತಂಬಿಗೆ ನೀರು ಹಿಡಿದು ದಸ್ತಗೀರ ಕಾಕಾನ ಮನೆಗೆ ಹೋದೆ. ದಸ್ತಗೀರ ನದಾಫರು ನಮ್ಮ ಓಣಿಗೆ ನೀರು ಬಿಡುವವರು. ಎಪ್ಪತ್ತು ದಾಟಿದವರು.

“ಯಾಕವಾ ಮುಕ್ತಾ, ಮಾರಿ ಹಿಂಗ್ಯಾಕ ಆಗೈತಿ?”

“ಕಾಕಾ, ಮುಂಜಾನಿ ನೀರಿನ್ಯಾಗ ಏನೋ ಇತ್ತು. ನಾ ತಿಳಿ ಅಂತ ಬರದ್ಬಿಟ್ಟೆ.”

ನಾನು ಬೇಡವೆನ್ನುವ ಮೊದಲೇ ಅವರು ತಂಬಿಗೆ ಎತ್ತಿ ಅರ್ಧ ಕುಡಿದಿದ್ದರು. ಕೊನೆಯ ಗುಟುಕನ್ನು ಬಾಯಲ್ಲೇ ಆಡಿಸಿ ನೋಡಿದರು.

“ನನ್ನ ನಾಲಿಗಿಗೆ ಏನೂ ಹತ್ತವಲ್ದು. ಆದರ ನಿನಗ ಹತ್ತೇತಲ್ಲ, ಅಷ್ಟ ಸಾಕು. ನಡಿ, ಮೊದಲ ಬಂದ್ ಮಾಡೂಣು.”

ಕಾಕಾ ನೀರು ಬಿಡುವ ಚಕ್ರವನ್ನು ತಿರುಗಿಸಿ ಮುಚ್ಚಿದರು. ಓಣಿಯ ಸ್ವರ ನಿಂತಿತು. ಗೋಡೆಗಳ ಮೇಲಿನ ಬೆಳಕೂ ಅಲುಗದೆ ನಿಂತಿತು. ಆ ಮೌನದಲ್ಲಿ ನಾವಿಬ್ಬರೂ ಮನೆಮನೆಗೆ ಹೋಗಿ, ಹಿಡಿದಿಟ್ಟ ನೀರನ್ನು ಚೆಲ್ಲಿರೆಂದು ಹೇಳುತ್ತ ಬಂದೆವು. ಕೆಲವರು ಬೈದರು, ಕೆಲವರು ಬಾಗಿಲನ್ನೇ ತೆರೆಯಲಿಲ್ಲ. ಕೊನೆಯ ಮನೆಯಲ್ಲಿ ಹಂಡೆಯ ನೀರು ಕಾಯುತ್ತಿತ್ತು. ಒಲೆಯ ಪಕ್ಕದ ತಂಬಿಗೆಯಲ್ಲಿ ಕುಡಿಯುವ ನೀರಿತ್ತು. ನಿಂಬೆವ್ವ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು.

“ಮುಂಜಾನಿ ನೀವ ತಿಳಿ ಅಂತ ಬರದ್ರಿ,” ಅಂದಳು. “ಈಗ ನೀವ ಬಂದು ಚೆಲ್ಲು ಅಂತೀರಿ. ಯಾವ ಮಾತು ನಂಬಲ್ರಿ ನಾ?”

“ಈ ಮಾತು ನಂಬವಾ. ಮುಂಜಾನಿ ಬರದದ್ದು ನನ್ನ ತಪ್ಪು. ಅಂಜಿ ಬರದೆ.”

ಅವಳು ಮಗುವನ್ನು ನನ್ನ ಕೈಗಿತ್ತು, ಎದ್ದು ಹಂಡೆಯನ್ನೂ ತಂಬಿಗೆಯನ್ನೂ ಬರಿದುಮಾಡಿ ಬಂದಳು. ಎಣ್ಣೆ ಹಚ್ಚಿದ ಆ ಕೂಸು ಮೀನಿನಂತೆ ಜಾರುತ್ತಿತ್ತು. ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡೆ.

ಮಧ್ಯಾಹ್ನವೆಲ್ಲ ಕಾಕಾ ಕೇಳುಕೋಲು ಹಿಡಿದು ನಡೆದರು. ಅದೊಂದು ಉಕ್ಕಿನ ಸಲಾಕೆ. ಒಂದು ತುದಿಯನ್ನು ಕೊಳವೆಗೋ ನೆಲಕ್ಕೋ ತಾಗಿಸಿ ಇನ್ನೊಂದನ್ನು ಕಿವಿಗೆ ಇಟ್ಟರೆ ಒಳಗಿನ ಸೋರಿಕೆ ಕೇಳಿಸುತ್ತದೆ. ಓಣಿಯ ಬಾಯಲ್ಲಿ, ದೊಡ್ಡ ರಸ್ತೆಯನ್ನು ದಾಟುವಲ್ಲಿ ಮಾತ್ರ ನಮ್ಮ ಕೊಳವೆ ನೆಲದಡಿ ಹೋಗುತ್ತದೆ. ಅಲ್ಲಿ ಅವರು ಮಂಡಿಯೂರಿ ಕೂತರು. “ಇಲ್ಲಿ ಅಗೀರಿ,” ಎಂದು ಓಣಿಯ ಹುಡುಗರಿಗೆ ಅಂದರು.

ಅಗೆದಾಗ ಸಿಕ್ಕಿದ್ದು ನಿಮ್ಮ ಕಾಲದ ಒಂದು ಚರಂಡಿ ಕೊಳವೆ. ಯಾವ ನಕ್ಷೆಯಲ್ಲೂ ಅದು ಇರಲಿಲ್ಲ. ನಮ್ಮ ಕುಡಿಯುವ ನೀರಿನ ಕೊಳವೆಗೆ ಅಂಟಿಕೊಂಡೇ ಮಲಗಿತ್ತು. ಎಲ್ಲಿಯದೋ ಹಳೆಯ ಕಟ್ಟಡದ ಕೊಳೆಯನ್ನು ಇನ್ನೂ ಹೊತ್ತು ತರುತ್ತಿತ್ತು. ನಮ್ಮ ಕೊಳವೆಯ ಒಂದು ಕೀಲು ಸಡಿಲವಾಗಿ, ಹರಿವು ನಿಂತಾಗಲೆಲ್ಲ ಆ ಕೊಳೆ ಒಳಗಿಳಿಯುತ್ತಿತ್ತು. ಯಂತ್ರ ಇದ್ದದ್ದು ಆ ಕೀಲಿಗಿಂತ ಮೊದಲು, ರಸ್ತೆಯ ಆಚೆ ಬದಿಗೆ, ಆದ್ದರಿಂದ ಅದಕ್ಕೆ ಗೊತ್ತಾಗಲಿಲ್ಲ.

ಮಗುವಿಗೆ ಏನೂ ಆಗಲಿಲ್ಲ. ಬೇರೆ ಮೂವರಿಗೆ ವಾಂತಿಭೇದಿಯಾಗಿ ಬೇಗ ಗುಣವಾಯಿತು. ದಸ್ತಗೀರ ಕಾಕಾ ಮಾತ್ರ ಹನ್ನೊಂದು ದಿನ ಮಲಗಿದರು. ನಾನು ದಿನವೂ ಹೋಗಿ ಗಂಜಿ ಕುಡಿಸಿದೆ. ನಾಲ್ಕನೆಯ ದಿನ, ಹಲಗೆಯ ಮೇಲಿನ ಆ ಮುಂಜಾನೆಯ ಬರಹವನ್ನು ಅಳಿಸಿಬಿಡುತ್ತೇನೆಂದು ಅವರೆದುರು ಅತ್ತೆ.

“ಅಳಸಬ್ಯಾಡ,” ಅಂದರು, ದನಿ ಎದ್ದೂ ಏಳದ ಹಾಗೆ. “ಅದರ ಕೆಳಗ ಏನಾತು ಅಂತ ಬರಿ. ಮುಂದಿನವರು ಓದ್ಲಿ.”

ಬರೆದೆ. ಅಂಜಿಕೊಂಡು ಸುಳ್ಳು ಬರೆದೆನೆಂದು ಬರೆದು ಹೆಸರು ಹಾಕಿದೆ. ಓಣಿಯವರು ಒಬ್ಬೊಬ್ಬರಾಗಿ ಬಂದು ಓದಿ ಹೋದರು. ನನ್ನನ್ನು ತೆಗೆದುಹಾಕುವರೆಂದುಕೊಂಡೆ, ಯಾರೂ ಆ ಮಾತೆತ್ತಲಿಲ್ಲ. ಕಾಕಾ ಎದ್ದು ಓಡಾಡುತ್ತಾರೆ, ಆದರೆ ಕೈಯಲ್ಲಿ ಬಲವಿಲ್ಲ. ಈಗ ಚಕ್ರವನ್ನು ನಾನೇ ತಿರುಗಿಸುತ್ತೇನೆ. ಅವರು ಪಕ್ಕದ ಕಲ್ಲಿನ ಮೇಲೆ ಕೂತು ಎಷ್ಟು ಸುತ್ತು ಎಂದು ಹೇಳುತ್ತಾರೆ.

ಹಿರಿಯರೇ, ನಿಮ್ಮನ್ನು ದೂರುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ನಿಮಗೆ ಅವಸರವಿತ್ತು, ಬಾಯಾರಿಕೆಯೂ ಇತ್ತು. ಒಂದೇ ಒಂದು ಬೇಡಿಕೆ ಇದೆ. ನಿಮ್ಮ ಬೀದಿಯನ್ನು ಯಾರಾದರೂ ಅಗೆಯುವುದು ಕಂಡರೆ ಹತ್ತಿರ ಹೋಗಿ ನಿಲ್ಲಿ. ಏನು ಹೂಳುತ್ತಿದ್ದೀರಿ, ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ಎಂದು ಕೇಳಿ. ಮಣ್ಣು ಮುಚ್ಚುವ ಮೊದಲು ಅದನ್ನು ಎಲ್ಲಾದರೂ ಬರೆದಿಡಿ. ನಿಮಗೆ ಅದರ ಉಪಯೋಗವಾಗಲಿಕ್ಕಿಲ್ಲ. ಆ ನೆಲದ ಮೇಲೆ ಮುಂದೆ ಯಾರೋ ಒಬ್ಬಳು ಮಗುವಿಗೆ ನೀರು ಕಾಯಿಸುತ್ತಿರುತ್ತಾಳೆ.

ನಿಮ್ಮ,
ಮುಕ್ತಾಬಾಯಿ ಕಲಕೇರಿ