ಎರಡೂ ರಿಮೋಟ್ ಒಟ್ಟಿಗೆ

ಅಮ್ಮಾ,

ನಿಮ್ಮ ಮಗ ತೀರಿಕೊಂಡ ಮೇಲೆ ಅವರ ಕಾರು ಕೊಂಡವನು ನಾನು. ರಿಮೋಟ್ ಕಳೆದುಹೋಗಿದೆ ಅಂತ ನಿಮ್ಮ ಯಜಮಾನ್ರು ಬರೀ ಕೀ ಕೊಟ್ಟಿದ್ರು.

ದಿನಾ ಸಂಜೆ, ಬಾಗಿಲಲ್ಲಿ ನಿಂತಿರೋ ಕಾರು ತಾನಾಗೇ ಕೀಂ ಅಂತ ಲೈಟ್ ಮಿಟುಕಿಸುತ್ತೆ. ಒಳಗೆ ಯಾರೂ ಇರಲ್ಲ. "ಏನಪ್ಪಾ, ಸತ್ತೋರ ಗಾಡಿ ತಂದು ನಮ್ಮನ್ನೂ ಕಳಿಸ್ತೀಯಾ?" ಅಂತ ಅತ್ತಿಗೆ ತಲೆ ತಿಂತಾರೆ. ನನಗೂ ಕೂತಲ್ಲಿ ಕೂರೋಕಾಗ್ತಿರಲಿಲ್ಲ.

ನಿನ್ನೆ ನೋಡೇಬಿಡೋಣ ಅಂತ ಮೆಟ್ಟಿಲ ಹಿಂದೆ ಅವಿತಿದ್ದೆ. ದೀಪದ ಕಂಬದ ಹತ್ತಿರ ನೀವು ರಿಮೋಟ್ ಒತ್ತಿದ್ರಿ. ಕಾರು ಕೀಂ ಅಂತು. "ಬಂದ್ಯಾ ಮಗಾ?" ಅಂದ್ರಿ. ನನಗೆ ಈಚೆ ಬರೋಕಾಗಲಿಲ್ಲ. ಅದಕ್ಕೇ ಈ ಕಾಗದ ವೈಪರ್‌ಗೆ ಸಿಕ್ಕಿಸ್ತಿದ್ದೀನಿ.

ಭಾನುವಾರ ಹೊಸ ರಿಮೋಟ್ ಮಾಡಿಸ್ತೀನಿ. ಹೊಸದನ್ನ ಕಾರಿಗೆ ಜೋಡಿಸಿದ್ರೆ ಹಳೇದು ಕೆಲಸ ಮಾಡಲ್ವಂತೆ. ಎರಡನ್ನೂ ಒಟ್ಟಿಗೆ ತಂದ್ರೆ ಎರಡೂ ಉಳಿಯುತ್ತಂತೆ, ಕೀ ಮಾಡೋನು ಹೇಳ್ದ. ದಯವಿಟ್ಟು ಅವತ್ತು ಬೆಳಿಗ್ಗೆ ನಿಮ್ಮ ಹತ್ರ ಇರೋದನ್ನ ತಗೊಂಡು ಬನ್ನಿ. ನಿಮ್ಮ ಕೈಯಲ್ಲೇ ಇರಲಿ, ನಾನು ಮುಟ್ಟಲ್ಲ. ಯಜಮಾನ್ರಿಗೂ ಹೇಳಲ್ಲ.

ಆಮೇಲೆ ಎಂದಿನ ಹಾಗೆ ಬನ್ನಿ. ಸಂಜೆ ಹೊತ್ತು ಗಾಡಿ ಎಲ್ಲಿಗೂ ತೆಗೆಯಲ್ಲ. ಹೋಗುವಾಗ ಮಾತ್ರ ಮರೀದೆ ಲಾಕ್ ಮಾಡಿ.

ಇಂತಿ,
ನಿಮ್ಮ ಮಗನ ವಯಸ್ಸಿನವನು