ಮೀಸೆ ಇಲ್ಲದ ಹೆಣ ಯಾರದು?

ಮಾನ್ಯ ಷರೀಫರೇ, ಚರ್ಚಿನ ಬಾಗಿಲಿಗೆ ಹೊಡೆದ ಈ ಹಾಳೆಯ ಮುಂದೆ ನೆರೆದಿರುವ ಈಲ್ವಿಕ್ ಗ್ರಾಮದ ಮಹಾಜನರೇ, ಓದುಬಾರದೆ ಬರೀ ಮೊಳೆಯನ್ನು ಮೆಚ್ಚುತ್ತ ನಿಂತ ಮಹನೀಯರೇ,

ಸತ್ತವನು ನಮ್ಮವನು. ತಕರಾರು ಇಷ್ಟೇ. ಜವುಗಿನ ಜೊಂಡಿನಲ್ಲಿ ತಲೆ ಒಡೆದು ಬಿದ್ದಿದ್ದ ಸಿವಾರ್ಡ್ ಈ ಊರಿನಲ್ಲಿ ಹಾವುಮೀನು ಹಿಡಿದು ಬದುಕುತ್ತಿದ್ದ ಅಪ್ಪಟ ಇಂಗ್ಲಿಷಿನವನು. ತಾವು ಅವನನ್ನು ನಾರ್ಮನ್ ಎಂದು, ಕಡಲು ದಾಟಿ ಬಂದು ನಮ್ಮನ್ನು ಗೆದ್ದು ಆಳುತ್ತಿರುವ ತಮ್ಮ ಜನದವನೆಂದು, ತೀರ್ಮಾನಿಸಿದ್ದೀರಿ. ಕೊಂದವನು ಸಿಗದ ತಪ್ಪಿಗೆ ಊರಿನ ಉಳುವ ಎತ್ತುಗಳನ್ನೆಲ್ಲ ದಂಡವಾಗಿ ಹೊಡೆದುಕೊಂಡು ಬರಲು ಆಜ್ಞೆ ಮಾಡಿದ್ದೀರಿ. ಈ ಪತ್ರ ಇಂಗ್ಲಿಷಿನಲ್ಲಿದೆ. ಅರ್ಥವಾಗದಿದ್ದರೆ ತಮ್ಮ ದುಭಾಷಿ ಗಿಲ್ಬರ್ಟನನ್ನು ಕರೆದು ಓದಿಸಿಕೊಳ್ಳಿ. ಅವನಿಗೆ ಎಲ್ಲವೂ ಅರ್ಥವಾಗುತ್ತದೆ.

ತಮ್ಮ ಕಾನೂನಿನ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಕೊಲೆಗಾರ ಪತ್ತೆಯಾಗದ ಹೆಣವೆಲ್ಲ ನಾರ್ಮನ್. ಅಲ್ಲ ಎನ್ನುವುದಾದರೆ ರಕ್ತಸಂಬಂಧಿಗಳು ಬಂದು ಪ್ರಮಾಣ ಮಾಡಬೇಕು. ಬದುಕಿದ್ದಾಗ ನಮ್ಮಲ್ಲಿ ಯಾರನ್ನೂ ಯಾರೂ ಬಾಯಿತಪ್ಪಿಯೂ ನಾರ್ಮನ್ ಎಂದಿದ್ದಿಲ್ಲ. ಆ ಗೌರವ ಬೇಕೆಂದರೆ ಜೊಂಡಿನಲ್ಲಿ ಮಕಾಡೆ ಮಲಗಬೇಕು ಅಷ್ಟೆ. ಸತ್ತವನು ಇಂಗ್ಲಿಷಿನವನೇ ಎಂದು ರುಜುವಾತಾದರೋ? ದಂಡವೂ ಇಲ್ಲ, ದಡಬಡವೂ ಇಲ್ಲ. ನಿಮ್ಮವನು ಸತ್ತರೆ ಊರಿನ ಎತ್ತು, ನಮ್ಮವನು ಸತ್ತರೆ ಮಣ್ಣು ಮುಚ್ಚುವಷ್ಟು ಹೊತ್ತು.

ತಮ್ಮ ಪುರಾವೆಯಾದರೂ ಏನು? ತಮ್ಮವರ ಹಾಗೆ ಮುಖ ನುಣ್ಣಗಿತ್ತು, ಹೆಕ್ಕತ್ತಿನ ಕೂದಲು ಕತ್ತರಿಸಿತ್ತು. ಹಾಗಾದರೆ ಆ ಮೀಸೆಯ ಕಥೆಯನ್ನೂ ತಾವು ಕೇಳಲೇಬೇಕು. ಹಬ್ಬಕ್ಕೆ ಮುಂಚಿನ, ಮಾಂಸ ಮುಟ್ಟದ ಉಪವಾಸದ ದಿನಗಳಲ್ಲಿ ಸಿವಾರ್ಡ್ ಒಂದು ಬುಟ್ಟಿ ಹಾವುಮೀನು ಹೊತ್ತು ತಮ್ಮ ಕೋಟೆಯ ಬಾಗಿಲಿಗೆ ಬಂದಿದ್ದ. ಕಾವಲಿನವನು ಕೂಗಿದ: "ಏಯ್, ಒಂದು ಮೀಸೆ ಬಂದಿದೆ ನೋಡ್ರೋ! ಹಿಂದೆ ಯಾರೋ ಮನುಷ್ಯನೂ ಇರೋ ಹಾಗಿದೆ!"

ಸಿವಾರ್ಡ್ ನಕ್ಕ. "ಮೀಸೆ ನಂದು, ಮೀನು ನಿಮ್ದು ಸ್ವಾಮಿ. ಒಳಗೆ ನಮ್ಮೋರೊಬ್ರು ಇದಾರೆ, ಸ್ವಲ್ಪ ಕರೀರಿ."

ಆ 'ನಮ್ಮೋರು' ಹೊರಗೆ ಬಂದರು. ಎಲ್ಲರಿಗೂ ಕೇಳುವಂತೆ ಫ್ರೆಂಚಿನಲ್ಲಿ, ಇವನ್ಯಾರೋ ಗೊತ್ತಿಲ್ಲ ಎಂದರು. ಆಮೇಲೆ ಇಂಗ್ಲಿಷಿನಲ್ಲಿ, ಹಲ್ಲು ಕಚ್ಚಿಕೊಂಡು: "ಹಿಂಗೆ ಕಾಡುಮನುಷ್ಯನ ಥರ ಬರ್ಬೇಡ್ವೋ. ಬರ್ಲೇಬೇಕಂದ್ರೆ ಆ ಮೀಸೆ ತೆಗೆಸ್ಕೊಂಡು ಬಾ." ಬುಟ್ಟಿ ಮಾತ್ರ ಒಳಗೆ ಹೋಯಿತು.

ಹಬ್ಬ ಕಳೆದ ಮೇಲೆ ಅವನು ಚಿಕ್ಕಮ್ಮ ಆಲ್ಡಿತ್‌ಳ ಮುಂದೆ ಕೂತು ಹೆಕ್ಕತ್ತಿನ ಕೂದಲು ಕತ್ತರಿಸಿಕೊಂಡು ಮೀಸೆ ಬೋಳಿಸಿಕೊಂಡ. "ನಿಮ್ಮಪ್ಪನ ಮೀಸೆ ಥರಾನೇ ಇತ್ತಲ್ಲೋ" ಎಂದು ಮುದುಕಿ ಕತ್ತಿ ಹಿಡಿದು ಗೊಣಗಿದಳಂತೆ. "ಮೀಸೆ ಮತ್ತೆ ಬರುತ್ತೆ ಬಿಡು ಚಿಕ್ಕಮ್ಮ" ಎಂದನಂತೆ ಅವನು. ಹಾಗೆ ನುಣ್ಣಗಾಗಿ ಕೋಟೆಗೆ ಹೋದ. ಈ ಸಲ 'ನಮ್ಮೋರು' ಊರಲ್ಲಿಲ್ಲ ಎಂದು ಒಳಗಿನಿಂದ ಉತ್ತರ ಬಂತು. ಮರಳುವ ದಾರಿಯಲ್ಲಿ, ಕುಡಿದ ನಾರ್ಮನ್ ಯಾರೋ ಇಂಗ್ಲಿಷಿನವನೆಂದು ಹೊಡೆದನೋ, ಸಿಟ್ಟಿನ ಇಂಗ್ಲಿಷಿನವನು ಯಾರೋ ನಾರ್ಮನ್ ಎಂದು ಹೊಡೆದನೋ, ದೇವರೇ ಬಲ್ಲ.

ವಿಚಾರಣೆಯ ದಿನ ಆಲ್ಡಿತ್ ತಮ್ಮ ಮುಂದೆ ನಿಂತು ಹೇಳಿದಳು: "ಇವ್ನು ನಮ್ಮಕ್ಕನ ಮಗ ಸ್ವಾಮಿ. ಮೀಸೆ ಬೋಳಿಸಿದ ಕೈ ಇದೇ. ಬೇಕಾದ್ರೆ ಈ ಕೈ ಕಡೀರಿ, ಎತ್ತು ಬಿಡಿ." ಗಿಲ್ಬರ್ಟ್ ಅದನ್ನು ಫ್ರೆಂಚಿಗೆ ತಿರುಗಿಸಿದ. ತಾಯಿಯ ಕಡೆಯ ಹೆಂಗಸಿನ ಮಾತು ಸಾಲದು, ತಂದೆಯ ಕಡೆಯ ಗಂಡಸು ಒಬ್ಬನಾದರೂ ಪ್ರಮಾಣ ಮಾಡಬೇಕು, ಅಂಥವನು ಇದ್ದಾನೆಯೇ ಎಂದು ತಾವು ಕೇಳಿದಿರಿ. ಗಿಲ್ಬರ್ಟ್ ಅದನ್ನೂ ತಿರುಗಿಸಿದ.

ಮುದುಕಿ ತಮ್ಮನ್ನು ನೋಡಲಿಲ್ಲ. ದುಭಾಷಿಯ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಅಂದಳು: "ಒಬ್ಬ ಇದ್ದ. ಸತ್ತೋದ."

ಗಿಲ್ಬರ್ಟ್ ಒಂದಕ್ಷರ ಹೆಚ್ಚು ಕಡಿಮೆಯಾಗದಂತೆ ಅನುವಾದ ಮಾಡಿದ. ಎಂಥ ನಿಷ್ಠೆ, ಎಂಥ ನಾಲಿಗೆ! ತಾವೂ ತಲೆದೂಗಿದಿರಿ.

ಈಗ ನಮ್ಮ ಬೇಡಿಕೆ. ಮುಂದಿನ ವಿಚಾರಣೆಯವರೆಗೆ ಎತ್ತುಗಳು ಕೊಟ್ಟಿಗೆಯಲ್ಲೇ ಇರಲಿ. ಸಿವಾರ್ಡನನ್ನು ಅವನ ಹೆಸರಿನಲ್ಲೇ, ಅವನ ಅಪ್ಪನ ಪಕ್ಕದಲ್ಲೇ ಹೂಳಲು ಬಿಡಿ. ಅವನ ಮೀಸೆ ತೆಗೆಸಿದ ಆ ಮಹಾನುಭಾವನನ್ನು ಹಿಡಿದು ತಂದು ಪ್ರಮಾಣದ ಕಟ್ಟೆಯ ಮೇಲೆ ನಿಲ್ಲಿಸಿ. ಅವನು ಎಲ್ಲಿದ್ದಾನೆಂದು ಈ ಊರಿನ ಬಡಪಾಯಿಗಳಿಗೆ ಹೇಗೆ ತಿಳಿಯಬೇಕು? ನಾವು ಹಳ್ಳಿಯ ಜನ, ನಮಗೆ ಫ್ರೆಂಚ್ ಬಾರದು, ಕೋಟೆಯ ಒಳಗು ಕಾಣದು, ನಾವು...

ಸಾಕು. ಈಲ್ವಿಕ್‌ನಲ್ಲಿ ಬರೆಯಬಲ್ಲವರು ಯಾರೂ ಇಲ್ಲವೆಂದು ತಮಗೂ ಗೊತ್ತು. ಇದನ್ನು ಬರೆದವನು ನಾನು, ತಾವು ಗಿಲ್ಬರ್ಟ್ ಎಂದು ಹೆಸರಿಟ್ಟುಕೊಂಡ ದುಭಾಷಿ. ಸತ್ತವನು ನನ್ನ ತಮ್ಮ. ಆ ಮೀನನ್ನು ತಮ್ಮ ಪಂಕ್ತಿಯಲ್ಲೇ ಕೂತು ತಿಂದೆ. ಮುಂದಿನ ವಿಚಾರಣೆಗೆ ಪ್ರಮಾಣ ಮಾಡಲು ಬರುತ್ತೇನೆ. ನಾನು ಹೇಳುವುದನ್ನು ತಮಗೆ ತಿಳಿಸಲು ಬೇರೊಬ್ಬ ದುಭಾಷಿಯನ್ನು ಹುಡುಕಿಕೊಳ್ಳಿ.

ಇಂತಿ,
ಮೀಸೆ ಬಿಡಲು ಶುರುಮಾಡಿರುವ,
ಸಿವಾರ್ಡನ ಅಣ್ಣ ಆಲ್ವಿನ್